ಮೋಸೆಲ್‌ನಿಂದ ರೈನ್‌ವರೆಗೆ ಸೈಕಲ್ ಪ್ರವಾಸ: ಯಾವ ದಡ ಹಿಡಿಯಬೇಕು, ಎಲ್ಲಿ ಇಳಿಯಬೇಕು

ಜರ್ಮನಿಯ ದ್ರಾಕ್ಷಿ ಕಣಿವೆಗಳಲ್ಲಿ ಸೈಕಲ್ ತುಳಿಯಬೇಕು ಎಂದು ಹೊರಟವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಏರು ಎಷ್ಟಿದೆ? ದಿನಕ್ಕೆ ಎಷ್ಟು ದೂರ ಹೋಗಬಹುದು? ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ? ವೈನ್ ಕುಡಿಯದವರಿಗೆ ಅಲ್ಲೇನು ಕೆಲಸ? ಒಬ್ಬೊಬ್ಬರಿಗೂ ಬೇರೆಬೇರೆ ಉತ್ತರ ಬರೆದು ಸಾಕಾಗಿ ಎಲ್ಲವನ್ನೂ ಇಲ್ಲಿ ಒಟ್ಟು ಹಾಕಿದ್ದೇನೆ.

ನಾನು ಹೇಳುವ ದಾರಿ ಇದು: ಟ್ರೀಯರ್ ಪಟ್ಟಣದಿಂದ ಮೋಸೆಲ್ ನದಿಯ ಜೊತೆಗೆ ಕೋಬ್ಲೆನ್ಸ್‌ವರೆಗೆ ಸುಮಾರು 190 ಕಿ.ಮೀ., ಅಲ್ಲಿಂದ ರೈನ್ ಕಮರಿಯಲ್ಲಿ ಬಿಂಗನ್‌ವರೆಗೆ ಇನ್ನೊಂದು 60 ಚಿಲ್ಲರೆ ಕಿ.ಮೀ. ನಕ್ಷೆಯಲ್ಲಿ ಗುಡ್ಡದ ಗೆರೆಗಳು ಒತ್ತೊತ್ತಾಗಿರುವುದನ್ನು ಕಂಡು ಹೆದರಬೇಡಿ. ಕಡಿದಾಗಿರುವುದು ದ್ರಾಕ್ಷಿ ತೋಟ, ದಾರಿಯಲ್ಲ. ಸೈಕಲ್ ದಾರಿ ಬಹುಪಾಲು ನೀರಿನ ಮಗ್ಗುಲಲ್ಲೇ ಸಾಗುತ್ತದೆ. ಟ್ರೀಯರ್‌ನಿಂದ ಕೋಬ್ಲೆನ್ಸ್‌ಗೆ ಬರುವಷ್ಟರಲ್ಲಿ ನದಿ ಇಳಿಯುವುದು ನೂರು ಮೀಟರಿಗೂ ಕಡಿಮೆ. ದಿನಕ್ಕೆ ಎರಡು ಮೂರು ಗಂಟೆ ತುಳಿದು ಅಭ್ಯಾಸವಿದ್ದವರು ಯಾರು ಬೇಕಾದರೂ ಮಾಡಬಹುದಾದ ಪ್ರವಾಸ.

ಹಾಗಾದರೆ ಎಡವುವುದೆಲ್ಲಿ? ದೂರವನ್ನು ಲೆಕ್ಕ ಹಾಕುವಲ್ಲಿ, ದಡವನ್ನು ಆರಿಸುವಲ್ಲಿ. ಉಳಿದದ್ದೆಲ್ಲ ಸಣ್ಣಪುಟ್ಟ ಸಂಗತಿ.

ಹಂತ 1: ತಿಂಗಳು ಗೊತ್ತುಮಾಡಿ

ಮೇ, ಜೂನ್ ಒಳ್ಳೆಯದು. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಯವರೆಗೂ ಬೆಳಕಿರುತ್ತದೆ. ಸೆಪ್ಟೆಂಬರ್‌ನಿಂದ ಅಕ್ಟೋಬರ್ ನಡುವಿನವರೆಗೂ ಚೆನ್ನ. ಆದರೆ ಅದು ಸುಗ್ಗಿಯ ಕಾಲ, ಕೋಣೆಗಳು ಬೇಗ ಮುಗಿಯುತ್ತವೆ. ಇಲ್ಲಿನ ಮುಖ್ಯ ತಳಿ ರೀಸ್ಲಿಂಗ್ ಎಂಬ ಬಿಳಿ ದ್ರಾಕ್ಷಿ. ಅದು ನಿಧಾನವಾಗಿ ಹಣ್ಣಾಗುವುದರಿಂದ ಕೊಯ್ಲು ಅಕ್ಟೋಬರ್‌ವರೆಗೂ ಎಳೆಯುತ್ತದೆ. ಬೆರ್ನ್‌ಕಾಸ್ಟೆಲ್‌ನ ವೈನ್ ಜಾತ್ರೆ ಸೆಪ್ಟೆಂಬರ್ ಮೊದಲ ವಾರಾಂತ್ಯದಲ್ಲಿ ನಡೆಯುತ್ತದೆ. ಜಾತ್ರೆಯೇ ನಿಮ್ಮ ಉದ್ದೇಶವಲ್ಲವಾದರೆ ಆ ದಿನಗಳಲ್ಲಿ ಆ ಊರಿನ ಹತ್ತಿರ ಸುಳಿಯಬೇಡಿ.

ಜುಲೈ, ಆಗಸ್ಟ್‌ನಲ್ಲಿ ಕಣಿವೆ ಕಾಯುತ್ತದೆ. ಗುಡ್ಡದ ಮೇಲಿನ ಕಪ್ಪು‑ನೀಲಿ ಪದರಕಲ್ಲು ಹಗಲಿನ ಬಿಸಿಲು ಹೀರಿ ರಾತ್ರಿ ಬಿಟ್ಟುಕೊಡುತ್ತದೆ. ಇಷ್ಟು ಉತ್ತರದಲ್ಲೂ ದ್ರಾಕ್ಷಿ ಹಣ್ಣಾಗುವುದಕ್ಕೆ ಅದೇ ಕಾರಣ, ಮಧ್ಯಾಹ್ನ ನಿಮಗೆ ಸುಸ್ತಾಗುವುದಕ್ಕೂ ಅದೇ. ಚಳಿಗಾಲದಲ್ಲಿ ದೋಣಿ, ಹೋಟೆಲು ಬಹಳಷ್ಟು ಮುಚ್ಚಿರುತ್ತವೆ. ಜೊತೆಗೆ ನೆರೆ. ಊರೂರಿನ ಗೋಡೆಗಳ ಮೇಲೆ ನೀರು ಎಷ್ಟು ಎತ್ತರಕ್ಕೆ ಬಂದಿತ್ತೆಂದು ಗೆರೆ ಎಳೆದು ಇಸವಿ ಕೆತ್ತಿರುತ್ತಾರೆ. 1993ರ ಗೆರೆಯನ್ನು ಹುಡುಕಿ ನೋಡಿ, ಆ ಡಿಸೆಂಬರ್‌ನಲ್ಲಿ ನದಿ ಎಲ್ಲಿವರೆಗೆ ಬಂದಿತ್ತೆಂದು ತಿಳಿಯುತ್ತದೆ. ನೀರು ಏರಿದರೆ ಮೊದಲು ಮುಳುಗುವುದೇ ಸೈಕಲ್ ದಾರಿ.

ಹಂತ 2: ಕಾಗದಪತ್ರ ಮತ್ತು ಸೈಕಲ್

ಷೆಂಗೆನ್ ವೀಸಾ ಬೇಕಾದವರಿಗೆ ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸಿ ವೈದ್ಯಕೀಯ ವಿಮೆ ಕಡ್ಡಾಯ. ಅದರಲ್ಲಿ ಸೈಕಲ್ ಅಪಘಾತ ಸೇರಿದೆಯೇ ಎಂದು ಓದಿ ನೋಡಿ. ಬರುವುದಕ್ಕೆ ಫ್ರಾಂಕ್‌ಫರ್ಟ್ ಅನುಕೂಲ. ಅಲ್ಲಿಂದ ರೈಲಿನಲ್ಲಿ ಕೋಬ್ಲೆನ್ಸ್, ಕೋಬ್ಲೆನ್ಸ್‌ನಲ್ಲಿ ಬದಲಿಸಿ ಟ್ರೀಯರ್. ಟ್ರೀಯರ್‌ಗೆ ಲಕ್ಸೆಂಬರ್ಗ್ ಕೂಡ ಹತ್ತಿರವೇ.

ಸೈಕಲನ್ನು ವಿಮಾನದಲ್ಲಿ ಹೊತ್ತುತರುವ ಸಾಹಸ ಬೇಡ. ಒಂದು ವಾರದ ಪ್ರವಾಸಕ್ಕೆ ಬಾಡಿಗೆ ಸೈಕಲ್ ಧಾರಾಳ ಸಾಕು. ‘ಟ್ರೆಕಿಂಗ್ ಬೈಕ್’ ಎಂದು ಕೇಳಿ: ನೆಟ್ಟಗೆ ಕೂರುವ ಹ್ಯಾಂಡಲ್, ಮಡ್‌ಗಾರ್ಡ್, ದೀಪ, ಹಿಂದೆ ಕ್ಯಾರಿಯರ್ ಎಲ್ಲ ಇರುವ ಗಟ್ಟಿ ಸೈಕಲ್. ಟಯರ್ 35ರಿಂದ 40 ಮಿ.ಮೀ. ಅಗಲವಿರಲಿ. ಸಪೂರ ಟಯರಿನ ರೇಸ್ ಸೈಕಲ್ ಊರೊಳಗಿನ ಕಲ್ಲುಹಾಸಿನ ಮೇಲೆ ಕೈಗಳನ್ನು ಅದುರಿಸಿಬಿಡುತ್ತದೆ. ಟ್ರೀಯರ್‌ನಲ್ಲಿ ತೆಗೆದುಕೊಂಡು ಕೋಬ್ಲೆನ್ಸ್‌ನಲ್ಲೋ ಬಿಂಗನ್‌ನಲ್ಲೋ ಬಿಡಬಹುದೇ ಎಂದು ಬುಕ್ ಮಾಡುವ ಮೊದಲೇ ಕೇಳಿ. ಎಲ್ಲ ಅಂಗಡಿಗಳೂ ಒಪ್ಪುವುದಿಲ್ಲ.

ಅಂಗಡಿಯಿಂದ ಹೊರಡುವ ಮೊದಲು ಅಲ್ಲೇ ಹತ್ತು ನಿಮಿಷ ಓಡಿಸಿ. ಎರಡು ವಿಷಯ ಗಮನಿಸಿ. ಒಂದು, ಜರ್ಮನಿಯ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಎಡಗೈ ಬ್ರೇಕ್ ಮುಂದಿನ ಚಕ್ರದ್ದು. ಗಾಬರಿಯಲ್ಲಿ ಅದನ್ನೊಂದೇ ಜೋರಾಗಿ ಹಿಡಿದರೆ ಮುಗ್ಗರಿಸುತ್ತೀರಿ. ಎರಡು, ಹಲವು ಬಾಡಿಗೆ ಸೈಕಲ್‌ಗಳಲ್ಲಿ ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಚಕ್ರ ನಿಲ್ಲುತ್ತದೆ. ಸಿಗ್ನಲ್‌ನಲ್ಲಿ ಪೆಡಲ್ ಸರಿಮಾಡಿಕೊಳ್ಳಲು ಕಾಲನ್ನು ಹಿಂದಕ್ಕೆ ತಿರುಗಿಸುವ ಚಾಳಿ ಇದ್ದವರು ಇಲ್ಲೇ ಬೀಳುವುದು. ಬೇಡವೆನಿಸಿದರೆ ಫ್ರೀವೀಲ್ ಇರುವ ಸೈಕಲ್ ಕೇಳಿ ಪಡೆಯಿರಿ.

ವಿದ್ಯುತ್ ಸೈಕಲ್ ತೆಗೆದುಕೊಂಡರೆ ತಪ್ಪೇನಿಲ್ಲ. ಗಂಟೆಗೆ 25 ಕಿ.ಮೀ.ವರೆಗೆ ಮಾತ್ರ ಮೋಟಾರ್ ನೆರವು ಕೊಡುವ ಮಾದರಿ ಕಾನೂನಿನ ಪ್ರಕಾರ ಸೈಕಲ್ಲೇ. ಅದಕ್ಕಿಂತ ವೇಗದ್ದು ಮೋಟಾರು ವಾಹನವಾಗುತ್ತದೆ. ಸಾಮಾನ್ಯ ಸೈಕಲ್ ದಾರಿಯಲ್ಲಿ ಅದಕ್ಕೆ ಪ್ರವೇಶವಿಲ್ಲ.

ಹಂತ 3: ಹೊರೆ

ಬೆನ್ನಿಗೆ ಚೀಲ ಹಾಕಿಕೊಳ್ಳಬೇಡಿ. ಕ್ಯಾರಿಯರ್‌ನ ಎರಡೂ ಪಕ್ಕಕ್ಕೆ ನೇತುಹಾಕುವ ಪ್ಯಾನಿಯರ್ ಚೀಲಗಳು ಸಾಕು. ಮಳೆ ಜಾಕೆಟ್, ಎರಡು ಜೊತೆ ಬಟ್ಟೆ, ಪಂಕ್ಚರ್ ಸಾಮಾನು, ಹೆಚ್ಚುವರಿ ಟ್ಯೂಬ್, ಗಟ್ಟಿ ಬೀಗ, ಒಂದಿಷ್ಟು ನಗದು ಯೂರೋ. ಹಳ್ಳಿಯ ಹೋಟೆಲುಗಳಲ್ಲಿ, ಸಣ್ಣ ದೋಣಿಗಳಲ್ಲಿ ಕಾರ್ಡ್ ನಡೆಯುತ್ತದೆಂಬ ನಂಬಿಕೆ ಬೇಡ. ಪಂಪ್ ಕೊಳ್ಳುವಾಗ ಟ್ಯೂಬಿನ ವಾಲ್ವ್‌ಗೆ ಅದು ಹೊಂದುತ್ತದೆಯೇ ನೋಡಿ.

ಹಂತ 4: ರಸ್ತೆ ನಿಯಮ, ನಾಲ್ಕೇ ಮಾತು

ವಾಹನಗಳು ಬಲಬದಿಯಲ್ಲಿ ಓಡುತ್ತವೆ. ಯಾವ ಫಲಕವೂ ಇಲ್ಲದ ಅಡ್ಡರಸ್ತೆಯಲ್ಲಿ ನಿಮ್ಮ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಹಳ್ಳಿಯೊಳಗಿನ ಸಣ್ಣ ಸಂದಿಯಿಂದ ಬರುವ ಟ್ರ್ಯಾಕ್ಟರ್‌ಗೂ ಇದು ಅನ್ವಯ. ನಾನು ಮತ್ತೆಮತ್ತೆ ಎಚ್ಚರಿಸುವುದು ಇದೊಂದನ್ನೇ, ಏಕೆಂದರೆ ‘ನಾನಿರುವುದು ದೊಡ್ಡ ರಸ್ತೆ’ ಎಂಬ ಭಾವನೆ ಸುಲಭವಾಗಿ ಹೋಗುವುದಿಲ್ಲ. ನೀಲಿ ವೃತ್ತದಲ್ಲಿ ಬಿಳಿ ಸೈಕಲ್ ಚಿತ್ರವಿದ್ದರೆ ಆ ದಾರಿಯನ್ನೇ ಬಳಸಬೇಕು. ಹೆಲ್ಮೆಟ್ ಕಡ್ಡಾಯವಲ್ಲ, ಆದರೂ ಹಾಕಿ. ದೀಪ ಕಡ್ಡಾಯ.

ಕುಡಿದು ಸೈಕಲ್ ಓಡಿಸುವುದರ ಬಗ್ಗೆ: ರಕ್ತದಲ್ಲಿ ಮದ್ಯದ ಅಂಶ ಸಾವಿರಕ್ಕೆ 1.6 ತಲುಪಿದರೆ ಸೈಕಲ್ ಸವಾರನ ಮೇಲೂ ಕ್ರಿಮಿನಲ್ ಮೊಕದ್ದಮೆ. ವಾಲಾಡುತ್ತಾ ಓಡಿಸಿದರೆ, ಅಪಘಾತ ಮಾಡಿದರೆ 0.3ರಿಂದಲೇ ತೊಂದರೆ ಶುರು. ‘ಸೈಕಲ್ ತಾನೇ’ ಎನ್ನುವ ಸಮಾಧಾನ ಅಲ್ಲಿ ನಡೆಯುವುದಿಲ್ಲ. ರುಚಿ ನೋಡುವ ಕೆಲಸ ಸೈಕಲ್‌ಗೆ ಬೀಗ ಹಾಕಿದ ಮೇಲೆ. ತುರ್ತು ಸಂಖ್ಯೆ 112.

ಹಂತ 5: ದಡ ಆರಿಸುವುದು

ಈ ಪ್ರವಾಸದ ಸುಖದುಃಖ ನಿಂತಿರುವುದು ಇದರ ಮೇಲೆ.

ಮೋಸೆಲ್ ಒಂದೇ ದಿಕ್ಕಿಗೆ ಹರಿಯುವ ನದಿಯಲ್ಲ. ಉತ್ತರಕ್ಕೆ ಹೋಗಿ, ತಿರುಗಿ ದಕ್ಷಿಣಕ್ಕೆ ಬಂದು, ಮತ್ತೆ ಪೂರ್ವಕ್ಕೆ ಹೊರಳುತ್ತದೆ. ದಕ್ಷಿಣಕ್ಕೂ ನೈಋತ್ಯಕ್ಕೂ ಮುಖಮಾಡಿದ ಇಳಿಜಾರುಗಳ ಮೇಲೆ ಬಿಸಿಲು ನೇರ ಬೀಳುತ್ತದೆ, ದ್ರಾಕ್ಷಿ ಇರುವುದು ಅಲ್ಲಿ. ಎದುರು ದಡದಲ್ಲಿ ಕಾಡೋ ಸಪಾಟು ಹೊಲವೋ ಇರುತ್ತದೆ. ನದಿ ತಿರುಗಿದಂತೆಲ್ಲ ತೋಟ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನೆಗೆಯುತ್ತದೆ. ಹಾಗಾಗಿ ‘ಎಡದಂಡೆಯೇ ಒಳ್ಳೆಯದು’, ‘ಬಲದಂಡೆಯೇ ಚೆಂದ’ ಎಂಬ ಮಾತಿಗೆ ಮೋಸೆಲ್‌ನಲ್ಲಿ ಅರ್ಥವಿಲ್ಲ.

ನನ್ನ ಲೆಕ್ಕ ಸರಳ. ತೋಟದ ಬುಡದಲ್ಲಿ ತುಳಿಯುತ್ತಿದ್ದರೆ ಕಾಣುವುದು ಕಲ್ಲುಗೋಡೆ ಮಾತ್ರ, ಜೊತೆಗೆ ತಲೆ ಸುಡುವ ಬಿಸಿಲು. ಎದುರು ದಡದಲ್ಲಿದ್ದರೆ ಇಡೀ ಇಳಿಜಾರು ಕಣ್ಣಮುಂದೆ. ಆ ಕಡೆ ಕಾಡಿದ್ದರೆ ನೆರಳೂ ಸಿಕ್ಕಿತು. ದ್ರಾಕ್ಷಿ ನೋಡಬೇಕಾದರೆ ದ್ರಾಕ್ಷಿ ಇಲ್ಲದ ದಡದಲ್ಲಿರಿ. ಎರಡೂ ಕಡೆ ಸೈಕಲ್ ದಾರಿ ಇರುವ ಭಾಗ ಬಹಳ, ಸೇತುವೆಗಳೂ ಕೆಲವೇ ಕಿಲೋಮೀಟರ್‌ಗೊಂದು ಸಿಗುತ್ತವೆ. ಪ್ರತಿ ಬೆಳಿಗ್ಗೆ ನಕ್ಷೆ ನೋಡಿ ಆ ದಿನದ ಸೇತುವೆಗಳನ್ನು ಗುರುತುಮಾಡಿಕೊಳ್ಳಿ. ಬೈಲ್‌ಸ್ಟೈನ್, ಪ್ಯುಂಡರಿಶ್ ಊರುಗಳಲ್ಲಿ ಪುಟ್ಟ ದೋಣಿಗಳು ಸೈಕಲ್ ಸಮೇತ ದಾಟಿಸುತ್ತವೆ.

ಇನ್ನೊಂದು ಎಚ್ಚರಿಕೆ: ಕೆಲವು ಕಡೆ ಸೈಕಲ್ ದಾರಿ ಹೆದ್ದಾರಿಯ ಪಕ್ಕದ ಪಟ್ಟಿ ಮಾತ್ರ. ಕೋಖೆಮ್ ದಾಟಿದ ಮೇಲೆ ಇದು ಹೆಚ್ಚು. ಲಾರಿ ಸದ್ದು ಬೇಸರವೆನಿಸಿದರೆ ದಡ ಬದಲಿಸಿ ನೋಡಿ.

ದಾರಿಫಲಕಗಳು ಬಿಳಿ ಹಲಗೆಯ ಮೇಲೆ ಹಸಿರು ಅಕ್ಷರದಲ್ಲಿರುತ್ತವೆ. ಅವುಗಳ ಜೊತೆಗೆ ದಂಡೆಯ ಮೇಲೆ ಹಡಗುಗಳಿಗಾಗಿ ನೆಟ್ಟ ಕಿಲೋಮೀಟರ್ ಹಲಗೆಗಳನ್ನೂ ಗಮನಿಸಿ. ಮೋಸೆಲ್‌ನ ಎಣಿಕೆ ಕೋಬ್ಲೆನ್ಸ್ ಸಂಗಮದಲ್ಲಿ ಸೊನ್ನೆಯಿಂದ ಶುರುವಾಗುತ್ತದೆ. ಹಲಗೆ 51 ಎಂದರೆ ಕೋಬ್ಲೆನ್ಸ್‌ಗೆ ನದಿಯ ಲೆಕ್ಕದಲ್ಲಿ ಇನ್ನು 51 ಕಿ.ಮೀ. ಮೊಬೈಲ್ ಬ್ಯಾಟರಿ ಮುಗಿದರೂ ಇದು ಕೈಕೊಡುವುದಿಲ್ಲ.

ಹಂತ 6: ಮೋಸೆಲ್ ದಿನಗಳು

190 ಕಿ.ಮೀ. ಎರಡು ದಿನದ ಕೆಲಸ ಎಂದು ಹೊರಡುವವರಿದ್ದಾರೆ. ತುಳಿಯಬಹುದು, ನೋಡಲಾಗದು. ನನ್ನ ಸಲಹೆ ಐದು ದಿನ, ದಿನಕ್ಕೆ ಹೆಚ್ಚೆಂದರೆ 45 ಕಿ.ಮೀ. ಪಶ್ಚಿಮದ ಗಾಳಿ ಬೀಸುವುದು ಹೆಚ್ಚಾದ್ದರಿಂದ ಟ್ರೀಯರ್‌ನಿಂದ ಕೋಬ್ಲೆನ್ಸ್ ಕಡೆಗೆ ತುಳಿಯುವುದೇ ಜಾಣತನ.

ಮೊದಲ ದಿನ, ಟ್ರೀಯರ್‌ನಿಂದ ಪೀಸ್ಪೋರ್ಟ್, ಸುಮಾರು 42 ಕಿ.ಮೀ. ರೋಮನ್ನರು ಕಟ್ಟಿದ ಕಪ್ಪು ದ್ವಾರ ಪೋರ್ಟಾ ನಿಗ್ರಾವನ್ನು ಬೆಳಿಗ್ಗೆಯೇ ನೋಡಿ ಹೊರಡಿ. ಊರು ಬಿಡುವ ಭಾಗದಲ್ಲಿ ಸ್ವಾರಸ್ಯವಿಲ್ಲ, ಶ್ವೈಶ್ ದಾಟಿದ ಮೇಲೆ ಕಣಿವೆ ತೆರೆದುಕೊಳ್ಳುತ್ತದೆ. ನೊಯ್‌ಮಾಗನ್‌ನಲ್ಲಿ ವೈನ್ ಪೀಪಾಯಿ ಹೇರಿದ ಹಡಗಿನ ಆಕಾರದ ರೋಮನ್ ಗೋರಿಶಿಲ್ಪ ಸಿಕ್ಕಿತ್ತು. ಮೂಲ ಟ್ರೀಯರ್‌ನ ವಸ್ತುಸಂಗ್ರಹಾಲಯದಲ್ಲಿದೆ, ಊರಲ್ಲಿರುವುದು ನಕಲು.

ಎರಡನೇ ದಿನ, ಟ್ರಾಬೆನ್‑ಟ್ರಾರ್ಬಾಖ್‌ವರೆಗೆ, ಸುಮಾರು 43 ಕಿ.ಮೀ. ಬೆರ್ನ್‌ಕಾಸ್ಟೆಲ್‑ಕುಯೆಸ್‌ನ ಮರದ ಚೌಕಟ್ಟಿನ ಮನೆಗಳ ಚೌಕ ಮಧ್ಯಾಹ್ನ ಜನರಿಂದ ತುಂಬಿಹೋಗುತ್ತದೆ. ಹತ್ತು ಗಂಟೆಯೊಳಗೆ ಅಲ್ಲಿರುವಂತೆ ಹೊರಡಿ. ಮುಂದೆ ವೇಲೆನ್ ಎದುರಿನ ತೋಟದ ನಡುವೆ 1842ರಲ್ಲಿ ಕಟ್ಟಿದ ನೆರಳು ಗಡಿಯಾರ ಕಾಣುತ್ತದೆ. ತೋಟದ ಕೂಲಿಯಾಳುಗಳಿಗೆ ಹೊತ್ತು ತಿಳಿಯಲೆಂದು ಮಾಡಿದ್ದು. ಇನ್ನೂ ಮುಂದೆ 2019ರಲ್ಲಿ ತೆರೆದ ಹೆದ್ದಾರಿ ಸೇತುವೆ 150 ಮೀಟರಿಗೂ ಮಿಕ್ಕ ಎತ್ತರದಲ್ಲಿ ಕಣಿವೆಯ ನೆತ್ತಿಯ ಮೇಲೆ ಹಾದುಹೋಗುತ್ತದೆ. ಈ ದಾರಿಯ ಕೆಲವು ತುಣುಕುಗಳು 1960ರ ದಶಕದಲ್ಲಿ ಮುಚ್ಚಿದ ಹಳೆಯ ರೈಲುಹಾದಿಯ ಮೇಲೆಯೇ ಇವೆ. ರೈಲಿನಲ್ಲೇ ವೈನ್ ಮಾರುತ್ತಿದ್ದರಂತೆ, ಜನ ಅದನ್ನು ‘ಕುಡುಕರ ರೈಲು’ ಎಂದೇ ಕರೆಯುತ್ತಿದ್ದರು.

ಮೂರನೇ ದಿನ, ಬೈಲ್‌ಸ್ಟೈನ್‌ವರೆಗೆ, ಸುಮಾರು 45 ಕಿ.ಮೀ. ಇಡೀ ಮೋಸೆಲ್‌ನಲ್ಲಿ ನನಗೆ ಇಷ್ಟವಾದ ಭಾಗ. ಬುಲ್ಲೈ ಬಳಿ 1878ರ ಸೇತುವೆಯೊಂದಿದೆ: ಮೇಲೆ ರೈಲು, ಕೆಳಗೆ ರಸ್ತೆ. ಬ್ರೆಮ್ ಊರಿನ ತಿರುವಿನಲ್ಲಿ ಕಾಲ್ಮೊಂಟ್ ಗುಡ್ಡ. ಸುಮಾರು 65 ಡಿಗ್ರಿ ಇಳಿಜಾರಿನ ಮೇಲೆ ದ್ರಾಕ್ಷಿ ಬೆಳೆಯುತ್ತಾರೆ, ಯೂರೋಪಿನಲ್ಲೇ ಅತಿ ಕಡಿದಾದ ತೋಟಗಳ ಸಾಲಿಗೆ ಸೇರಿದ್ದು. ಆಳುಗಳು ಹಲ್ಲುಪಟ್ಟಿಯ ಒಂಟಿ ಹಳಿ ಗಾಡಿಯಲ್ಲಿ ಕೂತು ಮೇಲೇರುತ್ತಾರೆ. ಗುಡ್ಡದ ಮೈಯಲ್ಲಿ ಕಾಲುಹಾದಿ ಇದೆ, ಏಣಿ, ಕಬ್ಬಿಣದ ಹಗ್ಗ ಎಲ್ಲ ಸೇರಿ. ಸೈಕಲ್ ಕೆಳಗೆ ಬಿಟ್ಟು, ಗಟ್ಟಿ ಶೂ ಇದ್ದರೆ ಮಾತ್ರ ಹತ್ತಿ.

ನಾಲ್ಕನೇ ದಿನ ಕೋಖೆಮ್ ದಾಟಿ ಮೋಸೆಲ್‌ಕೆರ್ನ್, ಹಾಟ್ಸೆನ್‌ಪೋರ್ಟ್‌ವರೆಗೆ 32 ಕಿ.ಮೀ. ಮಾತ್ರ, ಏಕೆಂದರೆ ಎಲ್ಟ್ಸ್ ಕೋಟೆಗೆ ಅರ್ಧ ದಿನ ಬೇಕು. ಕೋಟೆ ಇರುವುದು ನದಿಯ ಮೇಲಲ್ಲ, ಪಕ್ಕದ ಕಾಡುಕಣಿವೆಯೊಳಗೆ. ಮೋಸೆಲ್‌ಕೆರ್ನ್‌ನಿಂದ ನಡೆದೇ ಹೋಗಬೇಕು, ಸಾವಕಾಶವಾಗಿ ನಡೆದರೆ ಒಂದೂವರೆ ಗಂಟೆ. ಸೈಕಲ್ ತಳ್ಳಿಕೊಂಡು ಹೋಗುವ ಯೋಚನೆ ಬೇಡ. ಚಳಿಗಾಲದಲ್ಲಿ ಮುಚ್ಚಿರುತ್ತದೆ.

ಐದನೇ ದಿನ ಕೋಬ್ಲೆನ್ಸ್‌ಗೆ ಸುಮಾರು 30 ಕಿ.ಮೀ.

ಹಂತ 7: ರೈಲು, ಬಸ್ಸು

ದಣಿವಾದರೆ ರೈಲು ಹತ್ತುವುದು ಸೋಲಲ್ಲ. ಆದರೆ ಟ್ರೀಯರ್‑ಕೋಬ್ಲೆನ್ಸ್ ರೈಲು ಇಡೀ ನದಿಯ ಜೊತೆಗಿರುವುದಿಲ್ಲ. ಬುಲ್ಲೈನಿಂದ ಟ್ರೀಯರ್ ಕಡೆಗೆ ಅದು ಕಣಿವೆ ಬಿಟ್ಟು ಒಳನಾಡಿಗೆ ತಿರುಗುತ್ತದೆ. ಬೆರ್ನ್‌ಕಾಸ್ಟೆಲ್‌ನಲ್ಲಿ ರೈಲು ನಿಲ್ದಾಣವೇ ಇಲ್ಲ, ಟ್ರಾಬೆನ್‑ಟ್ರಾರ್ಬಾಖ್‌ಗೆ ಬುಲ್ಲೈನಿಂದ ಒಂದು ಕವಲು ಹಳಿ ಮಾತ್ರ. ಮೊದಲೆರಡು ದಿನಗಳ ಭಾಗದಲ್ಲಿ ರೈಲಿನ ಆಸರೆ ಇಲ್ಲವೆಂದೇ ತಿಳಿಯಿರಿ. ಅಲ್ಲಿ ನೆರವಿಗೆ ಬರುವುದು ಸೈಕಲ್ ಹೇರಿಕೊಳ್ಳುವ ರೆಗಿಯೋ‑ರಾಡ್ಲರ್ ಬಸ್ಸು. ಬೆಚ್ಚಗಿನ ತಿಂಗಳುಗಳಲ್ಲಿ ಓಡುತ್ತದೆ, ವಾರಾಂತ್ಯಕ್ಕೆ ಜಾಗ ಮೊದಲೇ ಕಾದಿರಿಸಿ.

ಇದಕ್ಕೆ ತದ್ವಿರುದ್ಧ, ಬ್ರೆಮ್ ಹತ್ತಿರದ ಎಲ್ಲರ್ ಎಂಬ ಊರಿನಿಂದ ಕೋಖೆಮ್‌ವರೆಗಿನ ಭಾಗ. ನದಿ ಇಪ್ಪತ್ತು ಕಿ.ಮೀ.ಗೂ ಹೆಚ್ಚು ಸುತ್ತಿ ಬರುತ್ತದೆ. ರೈಲು ನಾಲ್ಕು ಕಿ.ಮೀ. ಉದ್ದದ ಸುರಂಗದಲ್ಲಿ ನುಗ್ಗಿ ಕೆಲವೇ ನಿಮಿಷಕ್ಕೆ ತಲುಪುತ್ತದೆ. ಜೋರು ಮಳೆಯ ದಿನಕ್ಕೆ ಇದನ್ನು ನೆನಪಿಡಿ.

ರೈನ್‌ಲ್ಯಾಂಡ್‑ಫಾಲ್ಟ್ಸ್ ರಾಜ್ಯದ ಪ್ರಾದೇಶಿಕ ರೈಲುಗಳಲ್ಲಿ ವಾರದ ದಿನ ಬೆಳಿಗ್ಗೆ 9ರ ನಂತರ, ಶನಿವಾರ ಭಾನುವಾರ ಇಡೀ ದಿನ ಸೈಕಲ್‌ಗೆ ಹಣವಿಲ್ಲ, ಬೋಗಿಯಲ್ಲಿ ಜಾಗವಿದ್ದರೆ. ಐ.ಸಿ.ಇ. ವೇಗದ ರೈಲಿನಲ್ಲಿ ಸೈಕಲ್‌ಗೂ ಸೀಟಿನಂತೆ ಮುಂಗಡ ಕಾದಿರಿಸಬೇಕು. ದೇಶದ ಎಲ್ಲ ಪ್ರಾದೇಶಿಕ ರೈಲುಗಳಿಗೂ ನಡೆಯುವ ಡಾಯ್ಚ್‌ಲಾಂಡ್ ಟಿಕೆಟ್ 2025ರಲ್ಲಿ ತಿಂಗಳಿಗೆ 58 ಯೂರೋ ಇತ್ತು. ಅದು ತಾನಾಗಿಯೇ ನವೀಕರಣಗೊಳ್ಳುವ ಚಂದಾ. ಆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ಹಣವೂ ಹೋಗುತ್ತದೆ.

ಹಂತ 8: ರೈನ್ ಕಮರಿ

ಮೋಸೆಲ್‌ನಲ್ಲಿ ಹೇಳಿದ ದಡದ ಲೆಕ್ಕವನ್ನು ಇಲ್ಲಿ ಮರೆತುಬಿಡಿ. ರೈನ್‌ನಲ್ಲಿ ಎಡದಂಡೆ ಹಿಡಿಯಿರಿ, ಬಿಡಬೇಡಿ. ಸೈಕಲ್ ದಾರಿ ಆ ಕಡೆ ಉತ್ತಮ. ಎಡ, ಬಲ ಎನ್ನುವುದು ನದಿ ಹರಿಯುವ ದಿಕ್ಕಿಗೆ ಮುಖಮಾಡಿ ನಿಂತಾಗಿನ ಲೆಕ್ಕ. ನೀವು ಕೋಬ್ಲೆನ್ಸ್‌ನಿಂದ ಹೊಳೆಗೆ ಎದುರಾಗಿ ಹೋಗುವುದರಿಂದ ನೀರು ನಿಮ್ಮ ಎಡಗೈಗಿರಬೇಕು. ಕಿಲೋಮೀಟರ್ ಹಲಗೆ ಇಲ್ಲಿ ನದಿಯ ಮೇಲ್ಭಾಗದ ಕೋನ್‌ಸ್ಟಾನ್ಸ್ ಪಟ್ಟಣದಿಂದ ಎಣಿಕೆ: ಕೋಬ್ಲೆನ್ಸ್ 591, ಸಾಂಕ್ಟ್ ಗೋಆರ್ 556, ಬಿಂಗನ್ 529 ಆಸುಪಾಸು.

ಕೋಬ್ಲೆನ್ಸ್‌ನಿಂದ ಮುಂದೆ ಮೈನ್ಸ್ ಹತ್ತಿರದವರೆಗೂ ನದಿಗೆ ಒಂದೇ ಒಂದು ಸೇತುವೆಯಿಲ್ಲ. ದಾಟಬೇಕಾದರೆ ದೋಣಿ: ಬೊಪ್ಪಾರ್ಡ್, ಸಾಂಕ್ಟ್ ಗೋಆರ್, ಕೌಬ್, ನೀಡರ್‌ಹೈಮ್‌ಬಾಖ್, ಬಿಂಗನ್. ಸಂಜೆ ಕೊನೆಯ ದೋಣಿ ಎಷ್ಟು ಹೊತ್ತಿಗೆಂದು ತಿಳಿಯದೆ ಆ ದಡಕ್ಕೆ ಹೋಗಬೇಡಿ, ಕೋಣೆ ಈ ದಡದಲ್ಲಿದ್ದರೆ ರಾತ್ರಿ ಒದ್ದಾಡುತ್ತೀರಿ.

2002ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಈ ಕಮರಿಯನ್ನು ಎರಡು ದಿನಕ್ಕೆ ಹಂಚಿ. ಮೊದಲ ದಿನ ಬೊಪ್ಪಾರ್ಡ್‌ನ ದೊಡ್ಡ ತಿರುವು ದಾಟಿ ಸಾಂಕ್ಟ್ ಗೋಆರ್, ಸುಮಾರು 35 ಕಿ.ಮೀ. ಮರುದಿನ ಹೊರಟ ಸ್ವಲ್ಪ ಹೊತ್ತಿಗೇ ಎದುರು ದಡದಲ್ಲಿ 132 ಮೀಟರ್ ಎತ್ತರದ ಲೋರೆಲೈ ಬಂಡೆ. ಮೇಲೆ ಹತ್ತುವುದಕ್ಕಿಂತ ಈ ದಡದಿಂದ ನೋಡುವುದೇ ಮೇಲು, ಏಕೆಂದರೆ ಮೇಲಿದ್ದರೆ ಬಂಡೆಯೇ ಕಾಣುವುದಿಲ್ಲ. ಆಮೇಲೆ ಓಬರ್‌ವೇಸೆಲ್‌ನ ಕೋಟೆಗೋಡೆ, ನದಿಯ ನಡುವೆ ನಿಂತ ಸುಂಕದ ಕೋಟೆ ಫಾಲ್ಟ್ಸ್‌ಗ್ರಾಫನ್‌ಸ್ಟೈನ್, ಬಖರಾಖ್.

ದೊಡ್ಡ ಕಿರಿಕಿರಿ ಸದ್ದು. ಎರಡೂ ದಡದಲ್ಲಿ ರೈಲು ಹಳಿ, ಇಡೀ ರಾತ್ರಿ ಗೂಡ್ಸ್ ಓಡುತ್ತವೆ, ಕಮರಿಯ ಗೋಡೆಗಳು ಸದ್ದನ್ನು ಮರಳಿಸುತ್ತವೆ. ‘ನದಿಗೆ ಮುಖಮಾಡಿದ ಕೋಣೆ’ ಎಂದರೆ ಬಹಳ ಕಡೆ ಹಳಿಗೆ ಮುಖಮಾಡಿದ ಕೋಣೆ. ಹಿಂಬದಿಯ ಕೋಣೆ ಕೇಳಿ.

ಹಂತ 9: ತಂಗುವುದು, ಉಣ್ಣುವುದು, ರುಚಿ ನೋಡುವುದು

‘ಬೆಟ್ ಪ್ಲಸ್ ಬೈಕ್’ ಫಲಕವಿದ್ದರೆ ಅದು ಜರ್ಮನಿಯ ಸೈಕಲ್ ಸಂಘ ಎ.ಡಿ.ಎಫ್.ಸಿ. ಮಾನ್ಯಮಾಡಿದ ವಸತಿ. ಒಂದೇ ರಾತ್ರಿಗೂ ಕೋಣೆ ಕೊಡುತ್ತಾರೆ, ಸೈಕಲ್ ಇಡಲು ಬೀಗವಿರುವ ಜಾಗ ಇರುತ್ತದೆ. ದ್ರಾಕ್ಷಿ ಬೆಳೆಗಾರರ ಮನೆಯಲ್ಲೇ ಕೋಣೆ ಸಿಗುವುದು ಇನ್ನೂ ಚೆನ್ನ.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಬೇಕರಿ ಬೆಳಿಗ್ಗೆ ಕೆಲವು ಗಂಟೆ ತೆರೆದಿದ್ದರೆ ಅದೃಷ್ಟ. ಹಳ್ಳಿಯ ಹೋಟೆಲುಗಳು ವಾರದಲ್ಲಿ ಒಂದೆರಡು ದಿನ, ಹೆಚ್ಚಾಗಿ ಸೋಮವಾರ, ಮಂಗಳವಾರ, ರಜೆ ಮಾಡುತ್ತವೆ. ಶನಿವಾರವೇ ಬ್ರೆಡ್ಡು, ಚೀಸ್, ಹಣ್ಣು ತುಂಬಿಕೊಳ್ಳಿ.

ಸಸ್ಯಾಹಾರಿಗಳಿಗೆ ಚೀಸ್ ಹಾಕಿದ ಷ್ಪೆಟ್ಸ್‌ಲೆ (ಹಿಟ್ಟು, ಮೊಟ್ಟೆ ಕಲಸಿ ಮಾಡುವ ದಪ್ಪ ಶಾವಿಗೆ), ಸೇಬಿನ ಗೊಜ್ಜಿನೊಂದಿಗೆ ಕೊಡುವ ಆಲೂಗಡ್ಡೆ ದೋಸೆ, ಮೊಸರಿನಂಥ ಕ್ವಾರ್ಕ್ ಜೊತೆ ಬೇಯಿಸಿದ ಆಲೂಗಡ್ಡೆ ಸುಲಭವಾಗಿ ಸಿಗುತ್ತವೆ. ಎಡವಟ್ಟಾಗುವುದು ಈರುಳ್ಳಿ ಕೇಕು ಮತ್ತು ತೆಳು ರೊಟ್ಟಿಯಂಥ ಫ್ಲಾಮ್‌ಕೂಹೆನ್‌ನಲ್ಲಿ. ಎರಡರಲ್ಲೂ ಸಣ್ಣಗೆ ಹೆಚ್ಚಿದ ಹಂದಿಮಾಂಸ ಹಾಕುವುದು ರೂಢಿ. ‘ಓನೆ ಷ್ಪೆಕ್’, ಅಂದರೆ ಹಂದಿಮಾಂಸ ಬೇಡ ಎಂದು ಹೇಳಿ.

ಬಾಗಿಲಿಗೆ ಸೊಪ್ಪಿನ ಕಟ್ಟು ತೂಗುಹಾಕಿದ ಮನೆ ಕಂಡರೆ ಅದು ಷ್ಟ್ರೌಸ್‌ವಿರ್ಟ್‌ಶಾಫ್ಟ್. ಬೆಳೆಗಾರರು ವರ್ಷಕ್ಕೆ ನಾಲ್ಕು ತಿಂಗಳು ಮೀರದಂತೆ, ಹೆಚ್ಚೆಂದರೆ 40 ಆಸನ ಹಾಕಿ, ತಮ್ಮದೇ ವೈನ್ ಮತ್ತು ಸರಳ ತಿನಿಸು ಮಾರುವ ಜಾಗ. ದೊಡ್ಡ ಹೋಟೆಲಿಗಿಂತ ಇಲ್ಲಿ ಕೂರಿ. ಪಟ್ಟಿಯಲ್ಲಿ ‘ಟ್ರಾಕನ್’ ಎಂದರೆ ಸಿಹಿಯಿಲ್ಲದ್ದು, ‘ಫೈನ್‌ಹೆರ್ಬ್’ ತುಸು ಸಿಹಿ, ‘ಲೀಬ್ಲಿಶ್’ ಇನ್ನೂ ಸಿಹಿ. ಮೊದಲ ಸಲ ಕುಡಿಯುವವರಿಗೆ ಕಡಿಮೆ ಮದ್ಯಾಂಶದ ಸಿಹಿ ‘ಕಾಬಿನೆಟ್’ ದರ್ಜೆಯ ರೀಸ್ಲಿಂಗ್ ಹಗುರ. ಕುಡಿಯದವರು ಸಂಕೋಚಪಡಬೇಕಿಲ್ಲ, ‘ಟ್ರೌಬೆನ್‌ಸಾಫ್ಟ್’ ಕೇಳಿ, ಅದೇ ತೋಟದ ದ್ರಾಕ್ಷಿ ರಸ.

ಶರತ್ಕಾಲದಲ್ಲಿ ಫೇಡರ್‌ವೈಸರ್ ಎಂಬ ಇನ್ನೂ ಹುದುಗುತ್ತಿರುವ ರಸ ಬಾಟಲಿಯಲ್ಲಿ ಮಾರುತ್ತಾರೆ. ಅನಿಲ ಹೊರಹೋಗಲೆಂದು ಅದರ ಮುಚ್ಚಳವನ್ನು ಬಿಗಿಯಾಗಿ ಮುಚ್ಚಿರುವುದಿಲ್ಲ. ಪ್ಯಾನಿಯರ್‌ನಲ್ಲಿ ಮಲಗಿಸಿಟ್ಟರೆ ಬಟ್ಟೆಯೆಲ್ಲ ಅದರದೇ ಪಾಲು. ಬಿಗಿಯಾಗಿ ಮುಚ್ಚಿದರೆ ಬಾಟಲಿ ಸಿಡಿಯಬಹುದು. ಕೊಂಡಲ್ಲೇ ಕುಡಿಯಿರಿ.

ದಾರಿಬದಿಯ ದ್ರಾಕ್ಷಿ ಕೀಳಬೇಡಿ. ಅದು ಕಳ್ಳತನ, ಮೇಲಾಗಿ ಔಷಧಿ ಹೊಡೆದಿರುತ್ತಾರೆ. ಕಡಿದಾದ ತೋಟಗಳಿಗೆ ಬೇಸಿಗೆಯಲ್ಲಿ ಹೆಲಿಕಾಪ್ಟರ್‌ನಿಂದಲೂ ಸಿಂಪಡಿಸುತ್ತಾರೆ. ಬೆಳಿಗ್ಗೆ ಹೊತ್ತು ತಲೆಯ ಮೇಲೆ ಸದ್ದು ಕೇಳಿದರೆ, ದಾರಿಗೆ ಅಡ್ಡ ಕಟ್ಟಿದ್ದರೆ, ಸುಮ್ಮನೆ ನಿಂತು ಕಾಯಿರಿ.

ಹಂತ 10: ಬಿಂಗನ್‌ನಿಂದ ವಾಪಸ್

ಬಿಂಗನ್‌ನಲ್ಲಿ ಎರಡು ನಿಲ್ದಾಣಗಳಿವೆ, ಟಿಕೆಟ್ ಕೊಳ್ಳುವಾಗ ಹೆಸರು ಸರಿಯಾಗಿ ನೋಡಿ. ಕೋಬ್ಲೆನ್ಸ್ ಕಡೆಯಿಂದ ಬರುವವರಿಗೆ ಮೊದಲು ಸಿಗುವುದು ಹೌಪ್ಟ್‌ಬಾನ್‌ಹೋಫ್, ಅಂದರೆ ಮುಖ್ಯ ನಿಲ್ದಾಣ. ಊರು ಮತ್ತು ಬಿಂಗನ್ ಷ್ಟಾಟ್ ನಿಲ್ದಾಣ ಇರುವುದು ನಾಹೆ ಎಂಬ ಉಪನದಿ ದಾಟಿದ ಮೇಲೆ. ಮೈನ್ಸ್ ಮೂಲಕ ಫ್ರಾಂಕ್‌ಫರ್ಟ್‌ಗೆ ಹೋಗುವ ಪ್ರಾದೇಶಿಕ ವೇಗದ ರೈಲಿಗೆ ಮುಖ್ಯ ನಿಲ್ದಾಣಕ್ಕೇ ಹೋಗಿ. ಭಾನುವಾರ ಸಂಜೆ ಸೈಕಲ್ ಬೋಗಿ ತುಂಬಿರುತ್ತದೆ, ಅಂದು ವಿಮಾನವಿದ್ದರೆ ಬೆಳಗಿನ ರೈಲನ್ನೇ ಹಿಡಿಯಿರಿ.